ಬಾಯಿ ಅವಳದು, ಕೈ ಯಾರದು?



ಇವತ್ತು ರಾಜಕೀಯ ಬೇಡ. ಯಾರು ಯಾರ ಮನೆಗೆ ಊಟಕ್ಕೆ ಹೋದರು, ಯಾರ ಕುರ್ಚಿ ಅಲ್ಲಾಡ್ತಿದೆ ಅನ್ನೋದೆಲ್ಲ ನಾಳೆಗೂ ಇರುತ್ತೆ. ಇವತ್ತು ಒಂದು ಮೂತ್ರದ ಬಾಟಲಿಯ ಕಥೆ ಹೇಳ್ತೀನಿ. ಮೂಗು ಮುರಿಯಬೇಡಿ. ಆ ಸಣ್ಣ ಬಾಟಲಿಯಲ್ಲಿ ನಮ್ಮ ಊರಿನ ಎಷ್ಟೋ ಮಕ್ಕಳ ಹತ್ತು ಹದಿನೈದು ವರ್ಷದ ಬೆವರು ಕೊಚ್ಚಿಕೊಂಡು ಹೋಗುತ್ತೆ. ಅದಕ್ಕೇ ಹೇಳ್ತಿದ್ದೀನಿ.

2025ರ ಫೆಬ್ರವರಿ 15ರಂದು ಒಂದು ಸುದ್ದಿ ಬಂತು. ಟೆನಿಸ್‌ನಲ್ಲಿ ಆಗ ಜಗತ್ತಿನ ನಂಬರ್ ಒನ್ ಆಗಿದ್ದ ಆಟಗಾರ, ಇಟಲಿಯ ಯಾನಿಕ್ ಸಿನ್ನರ್‌ಗೆ ಮೂರು ತಿಂಗಳ ನಿಷೇಧ. ಕಾರಣ ಡೋಪಿಂಗ್. 2024ರ ಮಾರ್ಚ್‌ನಲ್ಲಿ ಎರಡು ಸಲ ಅವನ ಮೂತ್ರದ ಮಾದರಿಯಲ್ಲಿ ಕ್ಲೋಸ್ಟೆಬಾಲ್ ಅನ್ನೋ ಸ್ಟೆರಾಯ್ಡ್ ಸಿಕ್ಕಿತ್ತು. ಸಿಕ್ಕಿದ್ದು ಎಷ್ಟು? ಕಣ್ಣಿಗೂ ಕಾಣದಷ್ಟು, ತಕ್ಕಡಿಗೂ ಸಿಗದಷ್ಟು. ಹೇಗೆ ಬಂತು? ಅವನ ಫಿಸಿಯೋ ಬೆರಳು ಕೊಯ್ದುಕೊಂಡಿದ್ದ. ಗಾಯಕ್ಕೆ ಇಟಲಿಯ ಔಷಧಿ ಅಂಗಡಿಯಲ್ಲಿ ಸಿಗುವ ಒಂದು ಸ್ಪ್ರೇ ಹಾಕಿಕೊಂಡ. ಆ ಸ್ಪ್ರೇಯನ್ನು ಕೊಂಡಿದ್ದು ಸಿನ್ನರ್‌ನ ಇನ್ನೊಬ್ಬ ಟ್ರೇನರ್. ಸ್ಪ್ರೇ ಹಚ್ಚಿದ ಕೈಯಿಂದಲೇ ಫಿಸಿಯೋ ಸಿನ್ನರ್‌ನ ಮೈಗೆ ಮಸಾಜ್ ಮಾಡಿದ. ಚರ್ಮದಿಂದ ಚರ್ಮಕ್ಕೆ ದಾಟಿತು.

ಮೊದಲು ವಿಚಾರಣೆ ನಡೆಸಿದ ಸ್ವತಂತ್ರ ಮಂಡಳಿ, ಇವನದು ಏನೂ ತಪ್ಪಿಲ್ಲ ಅಂತ ಬಿಟ್ಟಿತ್ತು. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಅದೇ ವಾಡಾ, ಒಪ್ಪಲಿಲ್ಲ. ಮೇಲ್ಮನವಿಗೆ ಹೋಯಿತು. ಕೊನೆಗೆ ರಾಜಿಯಾಯಿತು. ವಾಡಾ ಹೇಳಿದ್ದಿಷ್ಟು: ಇವನು ಮೋಸ ಮಾಡಿಲ್ಲ, ಇದರಿಂದ ಇವನ ಆಟಕ್ಕೆ ಲಾಭವೂ ಆಗಿಲ್ಲ. ಆದರೂ ಇವನ ಜೊತೆಗಿದ್ದವರು ಮಾಡಿದ ಅಜಾಗರೂಕತೆಗೆ ಇವನೇ ಹೊಣೆ.

ಗಮನಿಸಿ. ತಪ್ಪು ಮಾಡಿದ ಕೈ ಬೇರೆಯವರದು, ಶಿಕ್ಷೆ ಇವನಿಗೆ.

ಇದನ್ನು ಓದುವಾಗ ನನಗೆ ಸಿನ್ನರ್ ನೆನಪಾಗಲಿಲ್ಲ. 2011ರ ಮಳೆಗಾಲ ನೆನಪಾಯಿತು. ಉಡುಪಿ ಜಿಲ್ಲೆ ಸಿದ್ದಾಪುರದ ಕಡೆಯ ರೈತರ ಮನೆಯ ಮಗಳು ನೆನಪಾದಳು. ಅಶ್ವಿನಿ ಅಕ್ಕುಂಜಿ.

ಮರೆತಿದ್ದರೆ ನೆನಪು ಮಾಡ್ತೀನಿ. 2010ರ ಅಕ್ಟೋಬರ್. ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟ. ಮಹಿಳೆಯರ 4X400 ಮೀಟರ್ ರಿಲೇಯಲ್ಲಿ ಮಂಜೀತ್ ಕೌರ್, ಸಿನಿ ಜೋಸ್, ಅಶ್ವಿನಿ ಅಕ್ಕುಂಜಿ, ಮನದೀಪ್ ಕೌರ್ ಓಡಿದರು. ಚಿನ್ನ! ಇಡೀ ಕ್ರೀಡಾಂಗಣ ಎದ್ದು ನಿಂತಿತ್ತು. ಮುಂದಿನ ತಿಂಗಳು ಚೀನಾದ ಗುವಾಂಗ್‌ಝೌನಲ್ಲಿ ಏಷ್ಯನ್ ಗೇಮ್ಸ್. ಅಲ್ಲಿ 400 ಮೀಟರ್ ಹರ್ಡಲ್ಸ್‌ನಲ್ಲಿ ಅಶ್ವಿನಿಗೆ ಒಂದು ಚಿನ್ನ, ರಿಲೇಯಲ್ಲಿ ಇನ್ನೊಂದು. ಆಗ ನಾವು ಟಿವಿಯವರು ಆ ಹುಡುಗಿಯನ್ನು ಹೊತ್ತು ಮೆರೆಸಿದ್ದೇ ಮೆರೆಸಿದ್ದು.

ಎಂಟು ತಿಂಗಳು ಕಳೆಯಿತು ಅಷ್ಟೇ. 2011ರಲ್ಲಿ ಅಶ್ವಿನಿಯೂ ಸೇರಿ ರಾಷ್ಟ್ರೀಯ ಶಿಬಿರದ ಓಟಗಾರ್ತಿಯರು ಒಬ್ಬರಾದ ಮೇಲೆ ಒಬ್ಬರು ಸಿಕ್ಕಿಬಿದ್ದರು. ಅನಬಾಲಿಕ್ ಸ್ಟೆರಾಯ್ಡ್. ಅಂದು ನಾನು ಬೇರೆ ಕಡೆ ಕೆಲಸದಲ್ಲಿದ್ದೆ. ಸಂಜೆಯ ಬುಲೆಟಿನ್‌ಗೆ ಶೀರ್ಷಿಕೆ ಬರೆದವನು ನಾನೇ. 'ಚಿನ್ನದ ಹುಡುಗಿಯ ಬಣ್ಣ ಬಯಲು' ಅಂತ ಬರೆದೆ. ಪ್ರಾಸ ಚೆನ್ನಾಗಿದೆ ಅಂತ ಪಕ್ಕದವರು ಬೆನ್ನು ತಟ್ಟಿದರು. ನನಗೂ ಹಾಗೇ ಅನ್ನಿಸಿತ್ತು.

ರಾತ್ರಿ ಒಂಬತ್ತೂವರೆಗೆ ಆಫೀಸಿನ ಫೋನಿಗೆ ಒಂದು ಕರೆ. ಕರಾವಳಿಯ ಒಬ್ಬ ಪಿ.ಟಿ. ಮೇಷ್ಟ್ರು. ಬೈಯಲಿಲ್ಲ, ಕೂಗಾಡಲಿಲ್ಲ. 'ಮಾರಾಯ್ರೇ, ಮದ್ದು ತಿಂದವಳ ಹೆಸರು ಅರ್ಧ ಗಂಟೆಯಲ್ಲಿ ಇಪ್ಪತ್ತು ಸಲ ಹೇಳಿದ್ರಿ. ಮದ್ದು ಕೊಟ್ಟವರು ಯಾರು ಅಂತ ಒಂದು ಸಲ ಕೇಳಿದ್ರಾ?' ಅಂದರು. ನಾನು ಏನೋ ಸಬೂಬು ಹೇಳಿದೆ. ಅವರು ಇನ್ನೊಂದು ಮಾತು ಸೇರಿಸಿದರು: 'ನಮ್ಮ ಶಾಲೆಯ ಮಕ್ಕಳು ನಾನು ಏನು ಕೊಟ್ಟರೂ ತಿಂತಾರೆ. ನೀರು ಅಂತ ಕೊಟ್ಟರೆ ನೀರು, ಗುಳಿಗೆ ಅಂತ ಕೊಟ್ಟರೆ ಗುಳಿಗೆ. ನನಗೆ ಈಗ ಹೆದರಿಕೆ ಆಗ್ತಾ ಉಂಟು.'

ಆ ಮೇಷ್ಟ್ರಿಗೆ ನಾನು 2011ರಿಂದ ಒಂದು ಉತ್ತರ ಬಾಕಿ ಇಟ್ಟುಕೊಂಡಿದ್ದೀನಿ. ಇವತ್ತು ಕೊಡೋಕೆ ನೋಡ್ತೀನಿ.

ಮೊದಲು ನಿಯಮ ಏನು ಅಂತ ತಿಳ್ಕೊಳ್ಳೋಣ. ಇಂಗ್ಲಿಷಿನಲ್ಲಿ ಇದಕ್ಕೆ ಸ್ಟ್ರಿಕ್ಟ್ ಲಯಬಿಲಿಟಿ ಅಂತಾರೆ. ಕನ್ನಡದಲ್ಲಿ ನೇರ ಹೊಣೆ ಅನ್ನಬಹುದು. ಅಂದರೆ ಏನು? ಕ್ರೀಡಾಪಟುವಿನ ಮೈಯಲ್ಲಿ ನಿಷೇಧಿತ ವಸ್ತು ಸಿಕ್ಕಿತೋ, ಅಲ್ಲಿಗೆ ನಿಯಮ ಮುರಿದ ಹಾಗೆ. ಬೇಕು ಅಂತ ತಿಂದನೋ, ಗೊತ್ತಿಲ್ಲದೆ ತಿಂದನೋ, ಯಾರೋ ತಿನ್ನಿಸಿದರೋ, ಆ ಪ್ರಶ್ನೆ ಆಮೇಲೆ. ನಿನ್ನ ದೇಹದೊಳಗೆ ಏನು ಹೋಗುತ್ತೆ ಅನ್ನೋದಕ್ಕೆ ನೀನೇ ಜವಾಬ್ದಾರ. ವಾಡಾ ಹುಟ್ಟಿದ್ದು 1999ರಲ್ಲಿ. ಎಲ್ಲ ಆಟಗಳಿಗೂ ಒಂದೇ ಸಂಹಿತೆ ಜಾರಿಗೆ ಬಂದಿದ್ದು 2004ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಈ ನಿಯಮವೇ ಅದರ ಬೆನ್ನೆಲುಬು.

ಇಲ್ಲಿ ಎರಡು ಸಂಗತಿ ಬೇರೆ ಬೇರೆ ಇಟ್ಟು ನೋಡಬೇಕು. ನಮ್ಮಲ್ಲಿ ಚರ್ಚೆಗೆ ಕೂತವರೆಲ್ಲ ಇವೆರಡನ್ನೂ ಕಲಸಿಬಿಡ್ತಾರೆ.

ಒಂದು, ಫಲಿತಾಂಶ. ಸ್ಪರ್ಧೆಯ ವೇಳೆ ತೆಗೆದ ಮಾದರಿಯಲ್ಲಿ ಮದ್ದು ಸಿಕ್ಕರೆ ಆ ಸ್ಪರ್ಧೆಯ ಪದಕ ಹೋಯಿತು. ತಪ್ಪು ಯಾರದೇ ಆಗಲಿ. ಎರಡು, ನಿಷೇಧ. ಎಷ್ಟು ದಿನ ಆಡಬಾರದು ಅನ್ನೋದು. ಇಲ್ಲಿ ತಪ್ಪಿನ ತೂಕ ನೋಡ್ತಾರೆ. ಒಂಚೂರೂ ತಪ್ಪಿಲ್ಲ ಅಂತ ಸಾಬೀತಾದರೆ ನಿಷೇಧವೇ ಇಲ್ಲ. ದೊಡ್ಡ ತಪ್ಪಲ್ಲ ಅಂತಾದರೆ ಕಡಿಮೆ. 2015ರಿಂದ ಈಚೆಗೆ ಸ್ಟೆರಾಯ್ಡ್‌ನಂಥ ಪ್ರಕರಣಗಳಲ್ಲಿ ಲೆಕ್ಕ ನಾಲ್ಕು ವರ್ಷದಿಂದ ಶುರುವಾಗುತ್ತೆ. ಬೇಕು ಅಂತ ತಿಂದಿಲ್ಲ ಅಂತ ತೋರಿಸಿಕೊಡಬೇಕಾದವರು ಯಾರು? ಸಂಸ್ಥೆಯಲ್ಲ, ಕ್ರೀಡಾಪಟು.

ಇದು ಅನ್ಯಾಯ ಅಂತ ತಕ್ಷಣ ಅನ್ನಿಸುತ್ತೆ ಅಲ್ವಾ? ನನಗೂ ಅನ್ನಿಸುತ್ತೆ. ಆದರೆ ಆತುರ ಬೇಡ. ಈ ನಿಯಮ ಇಲ್ಲದಿದ್ದರೆ ಏನಾಗುತ್ತೆ ನೋಡಿ.

ನರಸಿಂಗ್ ಯಾದವ್ ಅನ್ನೋ ಕುಸ್ತಿ ಪಟು. 2016ರ ರಿಯೊ ಒಲಿಂಪಿಕ್ಸ್‌ಗೆ ಆಯ್ಕೆಯಾಗಿದ್ದರು. ಪರೀಕ್ಷೆಯಲ್ಲಿ ಮೆಥಾಂಡಿಯೆನೋನ್ ಸಿಕ್ಕಿತು. ಯಾರೋ ನನ್ನ ಪಾನೀಯದಲ್ಲಿ ಬೆರೆಸಿದ್ದಾರೆ ಅಂದರು. ನಮ್ಮ ಕಡೆ ಕೈಮದ್ದು ಹಾಕಿದ್ದಾರೆ ಅಂತಾರಲ್ಲ, ಅಂಥದ್ದೇ ಮಾತು. ಆಗಸ್ಟ್ 1ರಂದು ನಮ್ಮ ನಾಡಾ, ಅಂದರೆ ರಾಷ್ಟ್ರೀಯ ಸಂಸ್ಥೆ, ಅದನ್ನು ಒಪ್ಪಿ ಬಿಟ್ಟುಬಿಟ್ಟಿತು. ದೇಶವೆಲ್ಲ ಚಪ್ಪಾಳೆ. ನಾವೂ ಹೊಡೆದೆವು. ಆದರೆ ವಾಡಾ ಕ್ರೀಡಾ ನ್ಯಾಯಮಂಡಳಿಗೆ ಹೋಯಿತು. ಅಲ್ಲಿ ತಜ್ಞರು ಹೇಳಿದ್ದು ಬೇರೆ. ಪಾನೀಯದಲ್ಲಿ ಪುಡಿ ಉದುರಿಸಿದರೆ ಇಷ್ಟು ಬರಲ್ಲ, ಇದು ಮಾತ್ರೆ ನುಂಗಿದ ಮಟ್ಟ, ಅದೂ ಒಂದೇ ಸಲ ಅಲ್ಲ ಅಂದರು. ಆಗಸ್ಟ್ 18ಕ್ಕೆ ತೀರ್ಪು. ನಾಲ್ಕು ವರ್ಷ ನಿಷೇಧ. ಮರುದಿನ ಅಖಾಡಕ್ಕೆ ಇಳಿಯಬೇಕಿದ್ದವರು ಗಂಟು ಮೂಟೆ ಕಟ್ಟಿದರು.

ಇಲ್ಲಿ ಸತ್ಯ ಯಾವುದು ಅಂತ ತೀರ್ಮಾನ ಮಾಡೋಕೆ ನಾನು ನ್ಯಾಯಾಧೀಶ ಅಲ್ಲ. ಆದರೆ 'ಯಾರೋ ಹಾಕಿದರು' ಅನ್ನೋ ಒಂದೇ ಮಾತಿಗೆ ಬಾಗಿಲು ತೆರೆದರೆ ಆ ಬಾಗಿಲಲ್ಲಿ ಕಳ್ಳರೂ ಬರ್ತಾರೆ, ಸಾಚಾಗಳೂ ಬರ್ತಾರೆ. ಯಾರು ಯಾರು ಅಂತ ಗುರುತು ಹಿಡಿಯೋದು ಹೇಗೆ? ಕದ್ದು ತಿಂದವನ ಮನಸ್ಸಿನೊಳಗೆ ಇಣುಕಿ ನೋಡೋ ಯಂತ್ರವನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ.

ಇನ್ನೊಂದು ಕಡೆಯಿಂದಲೂ ನೋಡಿ. ನಾಲ್ಕನೇ ಸ್ಥಾನ ಬಂದ ಹುಡುಗಿಯ ಕಡೆಯಿಂದ. ಅವಳು ಏನೂ ತಿಂದಿಲ್ಲ. ಮನೆಯ ಮುದ್ದೆ, ಅನ್ನ, ಮೊಟ್ಟೆ ತಿಂದು ಓಡಿದ್ದಾಳೆ. ಮೂರನೆಯವಳ ಮೈಯಲ್ಲಿ ಮದ್ದು ಇತ್ತು. ಪಾಪ, ಮೂರನೆಯವಳಿಗೆ ಗೊತ್ತಿರಲಿಲ್ಲ ಅಂತ ಪದಕ ಅವಳ ಹತ್ತಿರವೇ ಬಿಟ್ಟರೆ ನಾಲ್ಕನೆಯವಳು ಮಾಡಿದ ಪಾಪ ಏನು? ಅವಳ ಮನೆಗೆ ಟಿವಿ ಕ್ಯಾಮೆರಾ ಹೋಗಲ್ಲ. ಅವಳ ಪರವಾಗಿ ಮಾತಾಡೋಕೆ ಇರೋದು ಈ ನಿಯಮ ಒಂದೇ.

ಆದ್ದರಿಂದ ನೇರ ಹೊಣೆ ಬೇಡ ಅನ್ನೋರ ಸಾಲಿನಲ್ಲಿ ನಾನಿಲ್ಲ. ಅದು ಇರಬೇಕು. ನನ್ನ ತಕರಾರು ಬೇರೆ. ಈ ಹೊಣೆ ಬಾಯಿಯ ಹತ್ತಿರವೇ ಬಂದು ಯಾಕೆ ನಿಲ್ಲುತ್ತೆ? ಕೈಯ ತನಕ ಯಾಕೆ ಹೋಗಲ್ಲ?

ಕಾನೂನು ಓದಿದ ಮಿತ್ರರೊಬ್ಬರ ಹತ್ತಿರ ಇದನ್ನು ಕೇಳಿದೆ. ಅವರು ಒಂದು ಹಳೆಯ ಪ್ರಕರಣ ನೆನಪಿಸಿದರು. 1985ರ ಡಿಸೆಂಬರ್ 4. ಭೋಪಾಲ್ ದುರಂತ ನಡೆದು ವರ್ಷ ಕಳೆದಿತ್ತು ಅಷ್ಟೇ. ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿತು. ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿ ಸುಪ್ರೀಂ ಕೋರ್ಟಿನ ಮುಂದಿತ್ತು. 1986ರ ಡಿಸೆಂಬರ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿದ್ದ ಪೀಠ ತೀರ್ಪು ಕೊಟ್ಟಿತು. ಅಪಾಯಕಾರಿ ಕೆಲಸ ಮಾಡುವ ಕಾರ್ಖಾನೆ ತನ್ನಿಂದ ಆದ ಹಾನಿಗೆ ಪೂರ್ತಿ ಹೊಣೆ. ನಾನು ಎಲ್ಲ ಎಚ್ಚರಿಕೆ ತಗೊಂಡಿದ್ದೆ, ನನಗೆ ಗೊತ್ತಿರಲಿಲ್ಲ ಅನ್ನೋ ಮಾತು ನಡೆಯಲ್ಲ. ಯಾಕೆ? ಕೋರ್ಟು ಕೊಟ್ಟ ಕಾರಣ ಕೇಳಿ: ಅಪಾಯ ಎಲ್ಲಿದೆ ಅಂತ ಪತ್ತೆ ಮಾಡುವ ಶಕ್ತಿ, ಸಾಮಗ್ರಿ ಇರೋದು ಆ ಕಾರ್ಖಾನೆಗೆ ಮಾತ್ರ. ಲಾಭ ಪಡೆಯೋದೂ ಅದೇ. ಕಾರ್ಖಾನೆ ದೊಡ್ಡದಾದಷ್ಟೂ ಅದು ಕೊಡುವ ಪರಿಹಾರವೂ ದೊಡ್ಡದಾಗಬೇಕು.

ಅರ್ಥವಾಯಿತಾ? ನಮ್ಮ ಕಾನೂನಿನಲ್ಲಿ 'ಗೊತ್ತಿರಲಿಲ್ಲ ಅನ್ನಬೇಡ' ಅಂತ ಹೇಳಿದ್ದು ಬಲಾಢ್ಯನಿಗೆ. ಗೊತ್ತು ಮಾಡಿಕೊಳ್ಳುವ ತಾಕತ್ತು ಇದ್ದವನಿಗೆ. ಹಾಲಿಗೆ ಏನೋ ಬೆರೆಸಿದರೆ ಕೇಸು ಯಾರ ಮೇಲೆ? ಮಾರಿದವನ ಮೇಲೆ. ಕುಡಿದವನ ಮೇಲೆ ಅಲ್ಲ. ಕ್ರೀಡೆಯಲ್ಲಿ ಮಾತ್ರ ಉಲ್ಟಾ. ಇಲ್ಲಿ ಕುಡಿದವನ ಮೇಲೆಯೇ ಕೇಸು. ಅದೂ ಯಾರು? ಹದಿನೆಂಟು ಇಪ್ಪತ್ತರ ಹುಡುಗಿ. ಶಿಬಿರದಲ್ಲಿ ಎದ್ದೇಳು ಅಂದರೆ ಏಳಬೇಕು, ತಿನ್ನು ಅಂದರೆ ತಿನ್ನಬೇಕು. ಕೋಚ್ ಮಾತು ಮೀರಿದರೆ ತಂಡದಲ್ಲಿ ಜಾಗ ಇಲ್ಲ. ಅವಳಿಗೆ ಡಬ್ಬಿಯ ಮೇಲಿನ ಚೀನೀ ಅಕ್ಷರ ಓದೋಕೆ ಬರುತ್ತಾ?

ಈಗ ಅಶ್ವಿನಿಯ ಪ್ರಕರಣಕ್ಕೆ ವಾಪಸ್ ಬರೋಣ. ಮದ್ದು ಎಲ್ಲಿಂದ ಬಂತು ಅಂದಾಗ ಓಟಗಾರ್ತಿಯರು ಹೇಳಿದ್ದು ಜಿನ್ಸೆಂಗ್ ಅಂತ. ಅದೊಂದು ಬೇರು, ಶಕ್ತಿವರ್ಧಕ. ಚೀನಾದಲ್ಲಿ ಕೊಂಡಿದ್ದು. ತಂದುಕೊಟ್ಟಿದ್ದು ರಾಷ್ಟ್ರೀಯ ತಂಡದ ವಿದೇಶಿ ಕೋಚ್, ಯೂರಿ ಒಗೊರೊಡ್ನಿಕ್. ಸುದ್ದಿ ಹೊರಬಂದ ಕೂಡಲೇ ಅವರನ್ನು ಕೆಲಸದಿಂದ ತೆಗೆದರು. 2011ರ ಡಿಸೆಂಬರ್‌ನಲ್ಲಿ ನಮ್ಮ ಶಿಸ್ತು ಸಮಿತಿ, ಇವರದು ದೊಡ್ಡ ತಪ್ಪಲ್ಲ ಅಂತ ಒಂದು ವರ್ಷದ ನಿಷೇಧ ಹಾಕಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಒಪ್ಪಲಿಲ್ಲ. ಸ್ವಿಟ್ಜರ್ಲೆಂಡಿನ ಲೂಸಾನ್‌ನಲ್ಲಿರುವ ಕ್ರೀಡಾ ನ್ಯಾಯಮಂಡಳಿಗೆ ಹೋಯಿತು. 2012ರಲ್ಲಿ ಶಿಕ್ಷೆ ಎರಡು ವರ್ಷಕ್ಕೆ ಏರಿತು. ನೀವು ಅಂತರರಾಷ್ಟ್ರೀಯ ಮಟ್ಟದವರು, ಇಂಥ ಶಕ್ತಿವರ್ಧಕಗಳಲ್ಲಿ ಏನೇನೋ ಬೆರೆತಿರುತ್ತೆ ಅಂತ ಎಚ್ಚರಿಕೆ ಕೊಡ್ತಾನೇ ಇದ್ದಾರೆ, ನೀವು ವಿಚಾರಿಸಬೇಕಾದಷ್ಟು ವಿಚಾರಿಸಲಿಲ್ಲ. ಇದು ಮಂಡಳಿಯ ವಾದದ ಸಾರ. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಓಟಗಾರ್ತಿಯೊಬ್ಬಳ ಬದುಕಿನಲ್ಲಿ ಇಪ್ಪತ್ತನಾಲ್ಕು, ಇಪ್ಪತ್ತೈದನೇ ವಯಸ್ಸು ಅಂದರೆ ಏನು ಗೊತ್ತಲ್ಲ? ರೈತನಿಗೆ ಬಿತ್ತನೆಯ ವಾರ ಇದ್ದ ಹಾಗೆ. ಅದು ಹೋದರೆ ಹೋಯಿತು.

ಹೌದು, ಒಂದು ಮಾತನ್ನು ನಾನು ಮುಚ್ಚಿಡಲ್ಲ. ಅವರು ವಿಚಾರಿಸಬೇಕಿತ್ತು. ವೈದ್ಯರಿಗೆ ತೋರಿಸಬೇಕಿತ್ತು. ಅಷ್ಟು ದೊಡ್ಡ ಪದಕ ಗೆದ್ದವರಿಗೆ ಅಷ್ಟು ತಿಳಿವಳಿಕೆ ಇರಬೇಕಿತ್ತು. ಆದರೆ ಒಂದೇ ಕೋಚ್ ಕೈಕೆಳಗಿನ ಓಟಗಾರ್ತಿಯರು ಒಂದೇ ಋತುವಿನಲ್ಲಿ ಸಾಲಾಗಿ ಸಿಕ್ಕಿಬಿದ್ದಾಗ, ಅದನ್ನು ಆ ಹುಡುಗಿಯರ ವೈಯಕ್ತಿಕ ಎಡವಟ್ಟು ಅಂತ ಹೇಗೆ ಹೇಳ್ತೀರಿ? ಒಂದು ಮನೆಯ ಒಬ್ಬರಿಗೆ ವಾಂತಿ ಆದರೆ ಅವರ ಹೊಟ್ಟೆ ಕೆಟ್ಟಿದೆ ಅನ್ನಬಹುದು. ಮನೆಯವರಿಗೆಲ್ಲ ವಾಂತಿ ಆದರೆ ಅಡುಗೆಮನೆ ನೋಡಬೇಕು ತಾನೇ?

ಅಡುಗೆಮನೆ ನೋಡಿದ ಉದಾಹರಣೆಯೂ ಇದೆ. 2000ನೇ ಇಸವಿ, ಸಿಡ್ನಿ ಒಲಿಂಪಿಕ್ಸ್. ರೊಮೇನಿಯಾದ ಜಿಮ್ನಾಸ್ಟ್ ಆಂಡ್ರಿಯಾ ರಡುಕಾನ್, ಹದಿನಾರು ವರ್ಷದ ಹುಡುಗಿ. ನೆಗಡಿ ಅಂತ ತಂಡದ ವೈದ್ಯರು ಒಂದು ಮಾತ್ರೆ ಕೊಟ್ಟರು. ಅದರಲ್ಲಿ ಸೂಡೊಎಫೆಡ್ರಿನ್ ಇತ್ತು. ಆಲ್‌ರೌಂಡ್ ವಿಭಾಗದಲ್ಲಿ ಅವಳು ಗೆದ್ದ ಚಿನ್ನವನ್ನು ಕಿತ್ತುಕೊಂಡರು. ಅದು ಎರಡನೆಯವಳಾದ ಅದೇ ದೇಶದ ಸಿಮೋನಾ ಅಮನಾರ್‌ಗೆ ಹೋಯಿತು. ಮೇಲ್ಮನವಿಯೂ ಬಿದ್ದುಹೋಯಿತು. ಆದರೆ ಅಲ್ಲಿ ಇನ್ನೊಂದು ಕೆಲಸವೂ ಆಯಿತು. ಮಾತ್ರೆ ಕೊಟ್ಟ ವೈದ್ಯರನ್ನು ಮುಂದಿನ ಎರಡು ಒಲಿಂಪಿಕ್ಸ್‌ನಿಂದ, ಅಂದರೆ 2002ರ ಚಳಿಗಾಲದ ಒಲಿಂಪಿಕ್ಸ್ ಮತ್ತು 2004ರ ಅಥೆನ್ಸ್‌ನಿಂದ, ಹೊರಗಿಟ್ಟರು. ಪದಕ ಹೋಗಿದ್ದು ನಾಲ್ಕು ಜನರ ಮುಂದೆ ನ್ಯಾಯ ಅನ್ನಿಸಲಿ ಅಂತಾದರೆ, ಕೊಟ್ಟ ಕೈಗೂ ಒಂದು ಏಟು ಬೀಳಲೇಬೇಕು.

ಆ ಕಥೆಗೆ ಇನ್ನೊಂದು ಬಾಲ ಇದೆ. 2004ರಲ್ಲಿ ಆ ಸೂಡೊಎಫೆಡ್ರಿನ್‌ನನ್ನೇ ನಿಷೇಧಿತ ಪಟ್ಟಿಯಿಂದ ತೆಗೆದರು. 2010ರಲ್ಲಿ, ಇಂತಿಷ್ಟು ಪ್ರಮಾಣ ಮೀರಿದರೆ ಮಾತ್ರ ತಪ್ಪು ಅಂತ ಮತ್ತೆ ಸೇರಿಸಿದರು. ಪಟ್ಟಿ ಬರೆಯುವವರಿಗೇ ವರ್ಷಕ್ಕೊಂದು ಅಭಿಪ್ರಾಯ. ಓಡುವ ಹುಡುಗಿ ಮಾತ್ರ ಎಲ್ಲ ವರ್ಷದ ಪಟ್ಟಿಯನ್ನೂ ಬಾಯಿಪಾಠ ಮಾಡಿರಬೇಕು!

ಇದು ದೊಡ್ಡ ದೊಡ್ಡವರ ಕಥೆ, ನಮಗೇನು ಅಂತ ಚಾನೆಲ್ ಬದಲಾಯಿಸಬೇಡಿ. ನಿಮ್ಮ ಮನೆಯ ಕಪಾಟು ತೆಗೆದು ನೋಡಿ. ಕೆಮ್ಮಿನ ಸಿರಪ್ ಇದೆಯಾ? 2019ರಲ್ಲಿ ಕ್ರಿಕೆಟಿಗ ಪೃಥ್ವಿ ಶಾ ಎಂಟು ತಿಂಗಳ ನಿಷೇಧಕ್ಕೆ ಒಳಗಾಗಿದ್ದು ಟರ್ಬುಟಲಿನ್ ಅನ್ನೋ ವಸ್ತುವಿನಿಂದ. ಅದು ಕೆಮ್ಮಿನ ಸಿರಪ್‌ಗಳಲ್ಲಿ ಸಾಮಾನ್ಯವಾಗಿ ಇರುವಂಥದ್ದು. ಆತ ಬೇಕು ಅಂತ ಮಾಡಿಲ್ಲ ಅನ್ನೋದನ್ನು ಕ್ರಿಕೆಟ್ ಮಂಡಳಿ ಒಪ್ಪಿತು. ಆಗ ಆತನಿಗೆ ಹತ್ತೊಂಬತ್ತು. ಟೆಸ್ಟ್ ಆಡಿದ ಹುಡುಗನಿಗೇ ಹೀಗಾದರೆ ತಾಲೂಕು ಮಟ್ಟದ ಕಬಡ್ಡಿ ಹುಡುಗನ ಗತಿ ಏನು?

ದುಡ್ಡಿನ ಮಾತಿಗೂ ಬರೋಣ. ಮೈಯೊಳಗೆ ಮದ್ದು ಹೇಗೆ ಬಂತು ಅಂತ ಕ್ರೀಡಾಪಟುವೇ ತೋರಿಸಬೇಕು ಅಂದೆನಲ್ಲ, ಅದಕ್ಕೆ ಏನು ಬೇಕು? ವಕೀಲರು ಬೇಕು. ವಿಜ್ಞಾನಿಗಳು ಬೇಕು. ತಿಂದ ಡಬ್ಬಿಯನ್ನೂ, ಅದೇ ಬ್ಯಾಚಿನ ಸೀಲ್ ಒಡೆಯದ ಡಬ್ಬಿಯನ್ನೂ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬೇಕು. ಸಿನ್ನರ್‌ಗೆ ಇದೆಲ್ಲ ಇತ್ತು. ಕೆಲವೇ ದಿನದಲ್ಲಿ ಸ್ಪ್ರೇ ಪತ್ತೆಯಾಯಿತು. ತಾತ್ಕಾಲಿಕ ತಡೆ ತೆರವಾಯಿತು. ಆತ ಆಡ್ತಾನೇ ಇದ್ದ. ಆಮೇಲೆ ಬಂದ ಮೂರು ತಿಂಗಳೂ 2025ರ ಮೇ 4ಕ್ಕೆ ಮುಗಿಯಿತು. ಫ್ರೆಂಚ್ ಓಪನ್ ತಪ್ಪಲಿಲ್ಲ. ಆತ ಸುಳ್ಳು ಹೇಳಿದ ಅಂತ ನಾನು ಹೇಳ್ತಿಲ್ಲ. ಸತ್ಯ ಹೇಳೋಕೂ ದುಡ್ಡು ಬೇಕು ಅಂತ ಹೇಳ್ತಿದ್ದೀನಿ. ದಾವಣಗೆರೆಯ ಹಮಾಲಿಯ ಮಗನೋ, ಬೆಳಗಾವಿಯ ಗರಡಿಯ ಹುಡುಗನೋ ನೂರಕ್ಕೆ ನೂರು ನಿರಪರಾಧಿ ಆಗಿದ್ದರೂ ಲೂಸಾನ್‌ನಲ್ಲಿ ವಕೀಲರನ್ನು ಇಟ್ಟು ಅದನ್ನು ಸಾಬೀತು ಮಾಡೋಕೆ ಆಗುತ್ತಾ? ಅವನಿಗೆ ನಿರಪರಾಧಿ ಅನ್ನೋ ಪದವೇ ದುಬಾರಿ.

ಹಾಗಂತ ನಮ್ಮವರೆಲ್ಲ ಏನೂ ಅರಿಯದ ಮಕ್ಕಳು ಅಂತ ಕಣ್ಣೀರು ಸುರಿಸೋಕೂ ನಾನು ತಯಾರಿಲ್ಲ. ವಾಡಾ ಪ್ರಕಟಿಸಿದ 2022ರ ಲೆಕ್ಕ ನೋಡಿ. ಭಾರತದ 3,865 ಮಾದರಿಗಳನ್ನು ಪರೀಕ್ಷಿಸಿದರು. 125ರಲ್ಲಿ ನಿಷೇಧಿತ ವಸ್ತು. ನೂರಕ್ಕೆ ಮೂರಕ್ಕೂ ಹೆಚ್ಚು. ದೊಡ್ಡ ಸಂಖ್ಯೆಯಲ್ಲಿ ಪರೀಕ್ಷೆ ಮಾಡುವ ದೇಶಗಳ ಪೈಕಿ ಈ ಪ್ರಮಾಣದಲ್ಲಿ ನಾವೇ ಮುಂದೆ. 2023ರ ಸೆಪ್ಟೆಂಬರ್‌ನಲ್ಲಿ ದೆಹಲಿಯ ರಾಜ್ಯ ಮಟ್ಟದ ಅಥ್ಲೆಟಿಕ್ಸ್ ಕೂಟದಲ್ಲಿ ಏನಾಯಿತು ನೆನಪಿದೆಯಾ? ಜವಾಹರಲಾಲ್ ನೆಹರೂ ಕ್ರೀಡಾಂಗಣದ ಶೌಚಾಲಯದಲ್ಲಿ ಬಳಸಿ ಬಿಸಾಡಿದ ಸಿರಿಂಜ್‌ಗಳು. ನಾಡಾದವರು ಬಂದಿದ್ದಾರೆ ಅಂತ ಗೊತ್ತಾಗಿದ್ದೇ ತಡ, ಪುರುಷರ ನೂರು ಮೀಟರ್ ಫೈನಲ್‌ಗೆ ಬಂದು ಓಡಿದವನು ಒಬ್ಬನೇ. ಒಬ್ಬನೇ ಓಡಿದ, ಒಬ್ಬನೇ ಗೆದ್ದ! ಉಳಿದವರು ಮನೆಯ ಕಡೆ ಓಡಿದರು.

ಈಗ ಹೇಳಿ. ಆ ಸಿರಿಂಜ್‌ಗಳು ತಾವಾಗಿಯೇ ನಡೆದುಕೊಂಡು ಬಂದವಾ? ತಂದವರು ಯಾರು? ಮಾರಿದವರು ಯಾರು? ಯಾವುದು, ಎಷ್ಟು, ಯಾವಾಗ ಚುಚ್ಚಿಕೊಂಡರೆ ಸಿಕ್ಕಿಬೀಳಲ್ಲ ಅಂತ ಕಲಿಸಿದವರು ಯಾರು? ಅದು ಇಪ್ಪತ್ತರ ಹುಡುಗನಿಗೆ ತಾನಾಗಿ ಹೊಳೆಯುವ ವಿದ್ಯೆ ಅಲ್ಲ.

ನಿಯಮ ಪುಸ್ತಕದಲ್ಲಿ ಈ ಕೈಗೂ ಜಾಗ ಇದೆ. ವಾಡಾ ಸಂಹಿತೆಯ ಪ್ರಕಾರ ಮದ್ದು ಕೊಡೋದು ತಪ್ಪು, ಮಾರೋದು ತಪ್ಪು, ಸಹಾಯ ಮಾಡೋದೂ ತಪ್ಪು. ಸಿಕ್ಕಿಬಿದ್ದವರು ಅಪ್ರಾಪ್ತ ವಯಸ್ಸಿನವರಾದರೆ ಅವರ ಕೋಚ್, ವೈದ್ಯರು ಮುಂತಾದವರ ಬಗ್ಗೆ ತಾನಾಗಿಯೇ ತನಿಖೆ ಆಗಬೇಕು. 2022ರಲ್ಲಿ ನಮ್ಮ ಸಂಸತ್ತು ಮಾಡಿದ ಉದ್ದೀಪನ ಮದ್ದು ತಡೆ ಕಾನೂನಿಗೂ ಇವರೆಲ್ಲ ಒಳಪಡ್ತಾರೆ. ಆದರೆ ಬಾಯಿಗೆ ಒಂದು ನ್ಯಾಯ, ಕೈಗೆ ಒಂದು ನ್ಯಾಯ. ತಿಂದವಳ ಮೇಲೆ ತಪ್ಪು ಹೊರಿಸೋಕೆ ಒಂದು ಬಾಟಲಿ ಮೂತ್ರ ಸಾಕು. ಕೊಟ್ಟವನ ಮೇಲೆ ಹೊರಿಸೋಕೆ ಸಾಕ್ಷಿ ಬೇಕು, ದಾಖಲೆ ಬೇಕು, ಅವನಿಗೆ ಗೊತ್ತಿತ್ತು ಅಂತ ತೋರಿಸಬೇಕು. ಎಲ್ಲಿಂದ ತರ್ತೀರಿ? ಕೊಟ್ಟಿದ್ದಕ್ಕೆ ಚೀಟಿ ಇಲ್ಲ, ಸಹಿ ಇಲ್ಲ. ಹುಡುಗಿ ಬಾಯಿ ಬಿಟ್ಟರೆ ನಾಳೆ ಅವಳನ್ನು ಯಾವ ಕೋಚೂ ಸೇರಿಸಿಕೊಳ್ಳಲ್ಲ. ಅದಕ್ಕೇ ಎಲ್ಲರೂ 'ನನಗೇನೂ ಗೊತ್ತಿಲ್ಲ' ಅಂತ ಹೇಳಿ ತಲೆ ತಗ್ಗಿಸಿಕೊಂಡು ಊರಿಗೆ ಹೋಗ್ತಾರೆ. ಕೈ ಮುಂದಿನ ವರ್ಷದ ಮಕ್ಕಳಿಗಾಗಿ ಕಾಯ್ತಾ ಇರುತ್ತೆ.

ಕ್ವಿಗ್ಲಿ ಅನ್ನೋ ಅಮೆರಿಕದ ಶೂಟರ್‌ನ ಪ್ರಕರಣ ಒಂದಿದೆ. ಕೈರೋದಲ್ಲಿ ಸ್ಪರ್ಧೆ. ಹುಷಾರು ತಪ್ಪಿತು, ಅಲ್ಲಿನ ವೈದ್ಯರು ಕೊಟ್ಟ ಔಷಧಿಯಲ್ಲಿ ಎಫೆಡ್ರಿನ್ ಇತ್ತು. 1995ರಲ್ಲಿ ಕ್ರೀಡಾ ನ್ಯಾಯಮಂಡಳಿ ತೀರ್ಪು ಕೊಟ್ಟಿತು. ನೇರ ಹೊಣೆ ಯಾಕೆ ಬೇಕು ಅನ್ನೋದಕ್ಕೆ ಇವತ್ತಿಗೂ ಎಲ್ಲರೂ ಇದೇ ತೀರ್ಪನ್ನು ತೋರಿಸ್ತಾರೆ. ಆದರೆ ಗೆದ್ದವನು ಯಾರು ಗೊತ್ತಾ? ಕ್ವಿಗ್ಲಿ! ಒಕ್ಕೂಟ ತನ್ನ ನಿಯಮವನ್ನು ಸ್ಪಷ್ಟವಾಗಿ ಬರೆದಿರಲಿಲ್ಲ. ಮಂಡಳಿ ಹೇಳಿದ್ದರ ತಾತ್ಪರ್ಯ ಇಷ್ಟು: ಕಟ್ಟುನಿಟ್ಟಿನ ನಿಯಮ ಬೇಕಿರಬಹುದು, ಆದರೆ ಅದನ್ನು ಮಾಡುವವರು ಮೊದಲು ತಮ್ಮ ವಿಷಯದಲ್ಲಿ ಕಟ್ಟುನಿಟ್ಟಾಗಿರಬೇಕು.

ಮೂವತ್ತು ವರ್ಷದ ಹಿಂದಿನ ಮಾತು. ಅರ್ಧ ಮಾತ್ರ ಜಾರಿಯಾಗಿದೆ. ನೆನಪಿರಲಿ, ಮಕ್ಕಳ ಮೂತ್ರ ಪರೀಕ್ಷೆ ಮಾಡುವ ದೆಹಲಿಯ ನಮ್ಮ ರಾಷ್ಟ್ರೀಯ ಪ್ರಯೋಗಾಲಯವನ್ನೇ ಗುಣಮಟ್ಟ ಸರಿಯಿಲ್ಲ ಅಂತ 2019ರ ಆಗಸ್ಟ್‌ನಲ್ಲಿ ವಾಡಾ ಅಮಾನತು ಮಾಡಿತ್ತು. ಮಾನ್ಯತೆ ವಾಪಸ್ ಸಿಕ್ಕಿದ್ದು 2021ರ ಡಿಸೆಂಬರ್‌ನಲ್ಲಿ. ಆ ಎರಡು ವರ್ಷದ ನಾಚಿಕೆಗೆ ಯಾವ ಅಧಿಕಾರಿಯ ಹೆಸರನ್ನು ನಾವು ಇಪ್ಪತ್ತು ಸಲ ಹೇಳಿದೆವು?

ಹಾಗಾದರೆ ಏನು ಮಾಡಬೇಕು? ನನಗೆ ತೋಚಿದ್ದು ಹೇಳ್ತೀನಿ.

ಶಿಬಿರ, ಕ್ರೀಡಾ ನಿಲಯ, ಅಕಾಡೆಮಿ ಯಾವುದೇ ಇರಲಿ, ಒಂದು ಪುಸ್ತಕ ಇಡಿ. ಕೋಚ್, ವೈದ್ಯರು, ಫಿಸಿಯೋ ಯಾರೇ ಆಗಲಿ, ಮಗುವಿನ ಬಾಯಿಗೆ ಹೋಗುವ ಪ್ರತಿ ಮಾತ್ರೆ, ಪುಡಿ, ಸಿರಪ್ ಅದರಲ್ಲಿ ಬರೆದು ಸಹಿ ಹಾಕಲಿ. ಹೆಸರು, ಬ್ಯಾಚ್ ನಂಬರು, ತಾರೀಖು. ಪಡಿತರ ಅಂಗಡಿಯಲ್ಲಿ ಐದು ಕಿಲೋ ಅಕ್ಕಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ದೇಶ ಇದು. ಒಂದು ಮಾತ್ರೆಗೆ ಸಹಿ ಕೇಳೋದು ಕಷ್ಟವಾ? ಪುಸ್ತಕದಲ್ಲಿ ಇಲ್ಲದ ಮದ್ದನ್ನು ಶಿಬಿರದಲ್ಲಿ ಕೊಟ್ಟಿದ್ದರೆ, ಆಗ ಕೊಟ್ಟವನೂ ನೇರ ಹೊಣೆ. 'ನನಗೆ ಗೊತ್ತಿರಲಿಲ್ಲ' ಅನ್ನೋ ಮಾತು ಅವನಿಗೂ ನಡೆಯಬಾರದು.

ಒಂದೇ ಕೋಚ್ ಹತ್ತಿರದ ಇಬ್ಬರು ಸಿಕ್ಕಿಬಿದ್ದರೆ ಕೋಚ್ ಮೇಲೆ ತನಿಖೆ ಆಗಲಿ. ಅದರ ಫಲಿತಾಂಶ ಏನಾಯಿತು ಅಂತ ಹೊರಗೆ ಹೇಳಲಿ. ಬಡ ಕ್ರೀಡಾಪಟುವಿಗೆ ಡಬ್ಬಿ ಪರೀಕ್ಷೆ ಮಾಡಿಸೋಕೆ, ವಕೀಲರನ್ನು ಇಟ್ಟುಕೊಳ್ಳೋಕೆ ಸರ್ಕಾರ ದುಡ್ಡು ಕೊಡಲಿ. ಪದಕ ಬಂದಾಗ ಲಕ್ಷ ಲಕ್ಷ ಘೋಷಣೆ ಮಾಡೋರು ಇದಕ್ಕೂ ಕೊಡಬಹುದು.

ಅಲ್ಲಿಯವರೆಗೆ? ಮಕ್ಕಳೇ, ಅಪ್ಪ ಅಮ್ಮಂದಿರೇ, ನಿಯಮ ಬದಲಾಗುವ ತನಕ ಬಾಯಿ ನಿಮ್ಮದೇ. ಯಾರೇ ಏನೇ ಕೊಟ್ಟರೂ ಕೇಳಿ: ಇದು ಏನು, ಯಾಕೆ? ಡಬ್ಬಿಯ ಫೋಟೊ ತೆಗೆದಿಟ್ಟುಕೊಳ್ಳಿ. ಅಂಗಡಿಯ ರಸೀದಿ ಬಿಸಾಡಬೇಡಿ. ವೈದ್ಯರ ಹತ್ತಿರ ಹೋದಾಗ, 'ಸರ್, ನಾನು ಕ್ರೀಡಾಪಟು, ನನಗೆ ಡೋಪ್ ಟೆಸ್ಟ್ ಇರುತ್ತೆ' ಅಂತ ಬಾಯಿಬಿಟ್ಟು ಹೇಳಿ. ಔಷಧಿಯ ಹೆಸರು ಹಾಕಿ ನೋಡೋಕೆ ನಾಡಾದ ಆ್ಯಪ್ ಇದೆ, ಬಳಸಿ. ನಾಟಿ, ಆಯುರ್ವೇದ, ಗಿಡಮೂಲಿಕೆ ಅಂದ ಮಾತ್ರಕ್ಕೆ ಸುರಕ್ಷಿತ ಅಂದುಕೊಳ್ಳಬೇಡಿ. ಅಶ್ವಿನಿ ತಗೊಂಡಿದ್ದೂ ಒಂದು ಬೇರಿನ ಪುಷ್ಟಿ ಅಂತಲೇ. ಕೇಳಿದ್ದಕ್ಕೆ ಕೋಚ್ ಸಿಟ್ಟಾದರೆ? ಸಿಟ್ಟಾಗಲಿ. ಸಿಟ್ಟು ಎರಡು ದಿನ, ನಿಷೇಧ ನಾಲ್ಕು ವರ್ಷ.

ಉತ್ತರಾಖಂಡದಲ್ಲಿ ರಾಷ್ಟ್ರೀಯ ಕ್ರೀಡಾಕೂಟ 2025ರ ಫೆಬ್ರವರಿಯಲ್ಲಿ ಮುಗಿಯಿತು. ಪದಕ ಗೆದ್ದವರ ಮೆರವಣಿಗೆ ನಡೆಯಿತು. ಬಾಟಲಿಗಳು ಪ್ರಯೋಗಾಲಯಕ್ಕೆ ಹೋದವು. ಯಾವತ್ತಾದರೂ ಒಂದು ದಿನ ಮತ್ತೆ ಒಂದು ಹೆಸರು ಹೊರಗೆ ಬರಬಹುದು. ನಮ್ಮೂರಿನ ಹೆಸರೇ ಬರಬಹುದು. ಅವತ್ತು ನಾನು ಈ ಕುರ್ಚಿಯಲ್ಲಿ ಇದ್ದರೆ, ಪ್ರಾಸ ಹುಡುಕೋಕೆ ಹೋಗಲ್ಲ. ತಪ್ಪು ಆಗಿದ್ದರೆ ತಪ್ಪು ಅಂತಲೇ ಹೇಳ್ತೀನಿ, ಪದಕ ಹೋಗಬೇಕಾದರೆ ಹೋಗಲಿ ಅಂತಲೂ ಹೇಳ್ತೀನಿ. ಅದರ ಜೊತೆಗೆ ಆ ಮೇಷ್ಟ್ರು ಕೇಳಿದ ಪ್ರಶ್ನೆಯನ್ನೂ ಅಷ್ಟೇ ಸಲ ಕೇಳ್ತೀನಿ.

ಬಾಯಿ ಅವಳದು, ಒಪ್ಪಿದೆ. ಕೈ ಯಾರದು ಸ್ವಾಮಿ?